ಬಸುರಿಯ ಮಣ್ಣು

ಜಾವಾ ದ್ವೀಪದ ತುಬಾನ್ ಕಡೆಯ ಆ ಊರಿನಲ್ಲಿ ಬಸುರಿ ಹೆಂಗಸು ಮಣ್ಣು ತಿಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ತಿನ್ನದಿದ್ದರೆ ನೋಡುತ್ತಿದ್ದರು. ತಿನ್ನುವ ಮಣ್ಣಿಗೆ ಅಂಪೊ ಎಂದು ಹೆಸರು, ಮಾಡುವವಳು ದಾರ್ಸಿ. ಗದ್ದೆಯಡಿಯ ಜಿಗುಟು ಮಣ್ಣನ್ನು ಒಂದು ಹರಳೂ ಹಲ್ಲಿಗೆ ಸಿಗದಂತೆ ಆರಿಸಿ, ಮರದ ಕೊಡತಿಯಿಂದ ಬಡಿದು ದಿಮ್ಮಿ ಮಾಡಿ, ಬಿದಿರಿನ ಚೂರಿಯಲ್ಲಿ ಹೆರೆದರೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಸುರುಳಿಗಳನ್ನು ಮಡಕೆಗೆ ತುಂಬಿ ಹೊಗೆಗಿಟ್ಟು ಇಳಿಸಿದರೆ ತಿಂಡಿ ತಯಾರು. ಬಾಯಿಗಿಟ್ಟಾಗ ಕರುಂ ಎನ್ನಬೇಕು, ಆಮೇಲೆ ತಾನಾಗಿ ಕರಗಬೇಕು. ದಾರ್ಸಿಯದು ಹಾಗೇ ಕರಗುತ್ತಿತ್ತು, ಅದರ ಬಗ್ಗೆ ಅವಳಿಗೆ ಸಣ್ಣ ಜಂಬವೇನೂ ಇರಲಿಲ್ಲ. ದೊಡ್ಡದೇ ಇತ್ತು.

ಈ ಜಂಬಕ್ಕೆ ಮಣೆ ಹಾಕದವಳು ಊರಲ್ಲಿ ಒಬ್ಬಳೇ, ಅವಳು ಮನೆಯೊಳಗೇ ಇದ್ದಳು. ಸೊಸೆ ವಾರ್ತಿನಿ ಸುರಬಾಯ ಪಟ್ಟಣದ ಹುಡುಗಿ. ಮದುವೆಯಾಗಿ ಬಂದ ವಾರವೇ ತನ್ನ ಹೊಲಿಗೆ ಯಂತ್ರವನ್ನು ಹೊಗೆ ಬಾರದ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆಯೊಂದಿಗೆ ಅವಳ ಮಾತು ‘ಹೂಂ’ ಮತ್ತು ‘ಉಹೂಂ’. ಸಿಮೆಂಟ್ ಲಾರಿ ಓಡಿಸುವ ಮಗ ಪರ್ಜಾನನಿಗೆ ಇಬ್ಬರ ನಡುವೆ ಕೂತು ತಲೆ ಎತ್ತದೆ ಉಣ್ಣುವುದು ಚೆನ್ನಾಗಿ ರೂಢಿಯಾಗಿತ್ತು.

ಹೊಟ್ಟೆಯಲ್ಲಿ ಮಗು ನಿಂತ ಮೇಲೆ ಒಂದು ಮಧ್ಯಾಹ್ನ ವಾರ್ತಿನಿ ಒಲೆಯ ಹತ್ತಿರ ಬಂದು ನಿಂತಳು.

“ಅತ್ತೆ, ಅದು... ಒಂಚೂರು ಕೊಡ್ತೀರಾ?”

ದಾರ್ಸಿ ಬುಟ್ಟಿಯನ್ನೇ ಮುಂದಿಟ್ಟಳು. ಅಲ್ಲಿಂದ ದಿನಾ ಮಧ್ಯಾಹ್ನ ಸೊಸೆ ಒಲೆಯ ಪಕ್ಕ ಕೂತು ಕರುಂ ಕುರುಂ ಎಂದು ತಿನ್ನುತ್ತಿದ್ದಳು. ತಿನ್ನುತ್ತ ತಿನ್ನುತ್ತ ಮಾತೂ ಬಂತು. ತಾಯಿಯಿಲ್ಲದೆ ಬೆಳೆದದ್ದು, ಕತ್ತಲೆಗೆ ಹೆದರುವುದು, ಪರ್ಜಾನನ ಗೊರಕೆ, ಎಲ್ಲ ಬಂತು. ಹೆಣ್ಣುಮಕ್ಕಳಿಲ್ಲದ ದಾರ್ಸಿಗೆ ಸ್ವರ್ಗಕ್ಕೆ ಮೂರೇ ಗೇಣು. ಸೊಸೆ ಎದ್ದುಹೋಗದಿರಲಿ ಎಂದು ಅವಳು ಬುಟ್ಟಿ ತುಂಬುತ್ತಲೇ ಇದ್ದಳು.

ಏಳನೆಯ ತಿಂಗಳು ಹತ್ತಿರ ಬಂದಾಗ ಸರ್ಕಾರಿ ನರ್ಸಮ್ಮ ಹಾರ್ಯಾತಿ ಮನೆಗೆ ಬಂದು ವಾರ್ತಿನಿಯ ಬೆರಳು ಚುಚ್ಚಿದಳು. ಕೈಯಲ್ಲಿದ್ದ ಪುಟ್ಟ ಯಂತ್ರ ನೋಡಿದಳು, ಅದನ್ನು ಒಮ್ಮೆ ಅಲ್ಲಾಡಿಸಿ ಮತ್ತೆ ನೋಡಿದಳು.

“ರಕ್ತ ಹನ್ನೊಂದಿರಬೇಕು, ಎಂಟಿದೆ. ಕಬ್ಬಿಣದ ಮಾತ್ರೆ ತಗೋತಿಲ್ವಾ?”

“ಒಂದಿನಾನೂ ಬಿಟ್ಟಿಲ್ಲ,” ಎಂದಳು ವಾರ್ತಿನಿ. “ಟೀ ಜೊತೆ ನುಂಗ್ತೀನಿ.”

“ಟೀ ಕುಡಿದ್ರೆ ಅದರಲ್ಲಿರೋ ಕಬ್ಬಿಣ ಮೈಗೆ ಹತ್ತಲ್ಲ ಕಣಮ್ಮ. ಕಿತ್ತಳೆ ರಸದಲ್ಲಿ ತಗೋ. ಎಲ್ಲಿ, ನಾಲಿಗೆ ತೋರ್ಸು. ಕಪ್ಪಗಿದೆಯಲ್ಲ?”

ನಾಲಿಗೆ ಕಪ್ಪಗಿರುವುದಕ್ಕೆ ಕಾರಣ ಪಕ್ಕದಲ್ಲೇ ಬುಟ್ಟಿ ಹಿಡಿದು ಕೂತಿತ್ತು.

“ಕಬ್ಬಿಣ ಎಲ್ಲಿಂದ ಬರುತ್ತೆ ನರ್ಸಮ್ಮ? ಮಣ್ಣಿಂದ ತಾನೇ?” ಎಂದಳು ದಾರ್ಸಿ. “ನೀವು ಸುತ್ತಿ ಬಳಸಿ ಕೊಡ್ತೀರ, ನಾನು ನೇರವಾಗಿ ಕೊಡ್ತೀನಿ.”

“ಮಣ್ಣಲ್ಲಿರೋದು ಹೊಟ್ಟೆಗೆ ದಕ್ಕಲ್ಲ ದಾರ್ಸಕ್ಕ. ಅಷ್ಟೇ ಆಗಿದ್ರೆ ಸುಮ್ನಿರ್ತಿದ್ದೆ. ಸೊಪ್ಪಲ್ಲಿ, ಮಾತ್ರೇಲಿ ಇರೋದನ್ನೂ ಈ ಜೇಡಿ ಹಿಡ್ಕೊಂಡು ಹೊರಗೆ ಹೋಗುತ್ತೆ. ರಕ್ತ ಕಮ್ಮಿಯಾದಾಗ ನಾಲಿಗೆ ಮಣ್ಣು ಕೇಳುತ್ತೆ. ತಿಂದ್ರೆ ರಕ್ತ ಇನ್ನೂ ಕಮ್ಮಿ. ಆಗ ನಾಲಿಗೆ ಇನ್ನೂ ಜಾಸ್ತಿ ಕೇಳುತ್ತೆ.”

ಆಯುಷ್ಯವೆಲ್ಲ ವ್ಯಾಪಾರ ಮಾಡಿದ ದಾರ್ಸಿಗೆ ಇದು ಬೇಗ ಅರ್ಥವಾಯಿತು. ಇಂಥ ಗಿರಾಕಿ ಯಾವ ಅಂಗಡಿಯವನಿಗೆ ಬೇಡ? ಆದರೂ ಸೋಲಲು ಮನಸ್ಸು ಬರಲಿಲ್ಲ.

“ನಮ್ಮಮ್ಮ ತಿಂದ್ಳು, ನಾನೂ ತಿಂದೆ.”

“ಹೆತ್ತಿದ್ದೆಷ್ಟು, ಉಳಿದಿದ್ದೆಷ್ಟು?”

ಉಳಿದವನು ಪರ್ಜಾನ್ ಒಬ್ಬನೇ. ದಾರ್ಸಿ ಬುಟ್ಟಿಯ ಅಂಚು ಸರಿಮಾಡಿದಳು.

ನರ್ಸಮ್ಮ ಅವಳನ್ನು ಅಂಗಳಕ್ಕೆ ಕರೆದು ದನಿ ತಗ್ಗಿಸಿದಳು. “ಹೆರಿಗೇಲಿ ಎಲ್ಲರಿಗೂ ರಕ್ತ ಹೋಗುತ್ತೆ. ಇವಳ ಹತ್ರ ಹೋಗೋಕೆ ರಕ್ತಾನೇ ಇಲ್ಲ. ಹೀಗೇ ಇದ್ರೆ ಮಗು ಉಳಿದ್ರೂ ತಾಯಿ ಉಳೀತಾಳೆ ಅಂತ ನಾನು ಮಾತು ಕೊಡಲ್ಲ.”

ಅಂದಿನಿಂದ ಬುಟ್ಟಿ ಅಟ್ಟ ಸೇರಿತು. ಟೀ ಡಬ್ಬಕ್ಕೂ ಬೀಗ ಬಿತ್ತು. ತಾನು ಮಾಡಿದ ತಪ್ಪೇನೆಂದು ತಿಳಿಯದ ಪರ್ಜಾನ್ ಬಿಸಿನೀರಿಗೆ ಸಕ್ಕರೆ ಹಾಕಿಕೊಂಡು ಕುಡಿದ. ವಾರ್ತಿನಿಯ ಬುದ್ಧಿಗೆ ಎಲ್ಲ ಅರ್ಥವಾಗಿತ್ತು, ನಾಲಿಗೆಗೆ ಏನೂ ಅರ್ಥವಾಗಿರಲಿಲ್ಲ.

“ಒಂದೇ ಒಂದು ಸುರುಳಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ.”

“ಬೀಳು. ಏಳೋವಾಗ ಹುಷಾರು.”

ಕೊಡಲಿಲ್ಲ. ಕೊಡದಿರುವುದು ದಾರ್ಸಿಗೂ ಸುಲಭವಾಗಿರಲಿಲ್ಲ. ಈ ಹುಡುಗಿ ತನ್ನ ಹತ್ತಿರ ಬಂದದ್ದೇ ಮಣ್ಣಿಗಾಗಿ. ಮಣ್ಣಿಲ್ಲದಿದ್ದರೆ ತಾನು ಅವಳಿಗೆ ಯಾರು? ಹೊಗೆ ವಾಸನೆಯ ಮುದುಕಿ, ಅಷ್ಟೇ. ಎದುರುಮನೆಯ ಮುರ್ನಿ ಬೀದಿಗೆಲ್ಲ ಸಾರಿಯೂ ಆಗಿತ್ತು: “ನೋಡ್ರೇ, ಬಸುರಿ ಹುಡುಗಿಗೆ ಮಣ್ಣು ಕೊಡೋಕೂ ಕೈ ಬರಲ್ಲ ಈ ಜಿಪುಣಿಗೆ!”

ಏಳನೆಯ ತಿಂಗಳ ಶಾಸ್ತ್ರ ಬಂತು. ನೀರೆರೆದು ಬಟ್ಟೆ ಬದಲಿಸಿದ ಮೇಲೆ ಬಸುರಿ ಕೂತು ಖಾರದ ಹಣ್ಣಿನ ಕೋಸಂಬರಿ ಮಾರಬೇಕು. ಬಂದವರು ಹಣದ ಬದಲು ಮಡಕೆಯ ಚೂರು ಕೊಟ್ಟು ಕೊಳ್ಳಬೇಕು. ಹೆಂಗಸರು ಸಾಲಾಗಿ ಬಂದರು, ತಿಂದರು, ಖಾರಕ್ಕೆ ಉಸ್ಸೆಂದರು. ವಾರ್ತಿನಿಯ ಮುಂದಿದ್ದ ಗಡಿಗೆ ತುಂಬಿತು. ಎಲ್ಲರೂ ಇಂದು ಯಾಕೆ ಇಷ್ಟು ನಗುನಗುತ್ತ ವ್ಯಾಪಾರ ಮಾಡುತ್ತಿದ್ದಾರೆಂದು ದಾರ್ಸಿಗೆ ಹೊಳೆಯಲಿಲ್ಲ.

ಸಂಜೆ ಬಚ್ಚಲಿನ ಹಿಂದಿನಿಂದ ಕರುಂ ಕುರುಂ ಸದ್ದು ಬಂತು. ಹೋಗಿ ನೋಡಿದರೆ ಸೊಸೆ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂದಿನ ಗಳಿಕೆಯನ್ನು ತಿನ್ನುತ್ತಿದ್ದಳು. ಮೇಲೆ ನಾಲ್ಕು ಮಡಕೆ ಚೂರು, ಕೆಳಗೆಲ್ಲ ಅಂಪೊ. ಪಾಪ, ಹುಡುಗಿಗೆ ಯಾರೂ ಇಲ್ಲವೆಂದು ಮುರ್ನಿಯ ಮುಂದಾಳತ್ವದಲ್ಲಿ ಊರ ಹೆಂಗಸರು ಹೃದಯ ತುಂಬಿ ಕೊಟ್ಟದ್ದು. ಅದೂ ಹಿಂದೆ ದಾರ್ಸಿಯಿಂದಲೇ ಕೊಂಡಿಟ್ಟಿದ್ದು.

“ಉಗುಳು,” ಎಂದಳು ದಾರ್ಸಿ.

ವಾರ್ತಿನಿ ನುಂಗಿದಳು. ನುಂಗಿ ಅಳತೊಡಗಿದಳು. “ತಂದು ತಂದು ತಿನ್ನಿಸಿದ್ದು ನೀವೇ. ಈಗ ಕಳ್ಳಿ ಥರ ಹಿಡೀತೀರ. ನಿಮಗೆ ಮೊಮ್ಮಗು ಒಂದು ಬೇಕು, ನಾನಲ್ಲ!”

“ಮುಚ್ಚೇ ಬಾಯಿ! ನೀನು ಕಣೆ ಬೇಕಾದ್ದು! ಮಗು ನಂಗಿನ್ನೂ ಪರಿಚಯಾನೇ ಇಲ್ಲ!”

ಹೀಗೆ ಹೇಳಬೇಕೆಂದು ದಾರ್ಸಿ ಹೇಳಿದ್ದಲ್ಲ. ಬಾಯಿಂದ ಬಂದುಬಿಟ್ಟಿತು, ಇಬ್ಬರಿಗೂ ಮುಜುಗರವಾಯಿತು. ಅವಳು ಗಡಿಗೆ ಕಿತ್ತುಕೊಂಡು ಹೋಗಿ ಗದ್ದೆಗೆ ಸುರಿದಳು. ಮರುದಿನ ಬೆಳಿಗ್ಗೆ ದಿಮ್ಮಿಯನ್ನೂ ಕೊಡತಿಯಿಂದ ಒಡೆದು ಅಲ್ಲಿಗೇ ಸಾಗಿಸಿ, ಅಂಪೊ ಹೊಗೆಗಿಡುವ ಒಲೆ ಆರಿಸಿ, ಮನೆ ಮನೆಗೂ ಹೋದಳು.

“ನನ್ನ ಸೊಸೆಗೆ ಯಾರಾದ್ರೂ ಮಣ್ಣು ಕೊಟ್ರೆ ಅವರ ಬಾಗಿಲಲ್ಲಿ ಕೂತು ಅಳ್ತೀನಿ.”

ದಾರ್ಸಿಯ ಅಳು ಊರಿಗೆ ಗೊತ್ತಿದ್ದದ್ದೇ. ಗಂಡ ಸತ್ತಾಗ ಪಕ್ಕದೂರಿನ ನಾಯಿಗಳೂ ಊಟ ಬಿಟ್ಟಿದ್ದವು. ಮುರ್ನಿ ಮನೆಯಲ್ಲಿದ್ದ ಅಂಪೊವನ್ನೆಲ್ಲ ತಂದೊಪ್ಪಿಸಿದಳು.

ಆಮೇಲೆ ದಾರ್ಸಿ ಅಡುಗೆಗಿಳಿದಳು. ಕೋಳಿಯ ಲಿವರ್, ಚಿಪ್ಪಿನ ಮಾಂಸ, ಸೋಯಾ ಕಾಳು ಹುದುಗಿಸಿದ ತೆಂಪೆ, ಸೊಪ್ಪು, ಮತ್ತೆ ಲಿವರ್. ಮೊಟ್ಟೆಯಿಡುತ್ತಿದ್ದ ಕೋಳಿಗಳೂ ಒಂದೊಂದಾಗಿ ಸೇವೆಗೆ ಸೇರಿದವು. ಮಾತ್ರೆ ನುಂಗುವಾಗ ಕಿತ್ತಳೆ ರಸ ಹಿಡಿದು ಎದುರಿಗೇ ನಿಂತಿರುತ್ತಿದ್ದಳು. ವಾರ್ತಿನಿ ಬಡಿಸಿದ್ದನ್ನು ತಿನ್ನುತ್ತಿದ್ದಳು. ಮಾತು ಮಾತ್ರ ಮತ್ತೆ ‘ಹೂಂ’, ‘ಉಹೂಂ’. ಹೊಲಿಗೆ ಕೋಣೆಯ ಬಾಗಿಲು ಮತ್ತೆ ಮುಚ್ಚಿಕೊಂಡಿತು. ದಾರ್ಸಿ ಮಧ್ಯಾಹ್ನದ ಹೊತ್ತು ತಣ್ಣಗಾದ ಆ ಹೊಗೆ ಒಲೆಯ ಮುಂದೆ ಒಬ್ಬಳೇ ಕೂರುತ್ತಿದ್ದಳು. ಬಿಕ್ಕಿ ಬಿಕ್ಕಿ ಅಳಬೇಕೆನಿಸಿದರೂ ಊರು ಹೆದರೀತೆಂದು ಸುಮ್ಮನಿರುತ್ತಿದ್ದಳು.

ಒಂಬತ್ತನೆಯ ತಿಂಗಳಲ್ಲಿ ಒಂದು ದಿನ ಆ ಕೋಣೆಯಿಂದ ವಾರ್ತಿನಿ ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೆ ಓಡಿಬಂದಳು. ದಾರ್ಸಿ ಎದ್ದು ಹಿಂದೆಯೇ ಓಡಿದಳು. ವಾರ್ತಿನಿ ಬಗ್ಗಿ ಥೂ ಥೂ ಎಂದು ಕಪ್ಪಗೆ ಏನೋ ಉಗುಳಿದಳು.

“ಏನೇ ಅದು?”

“ಬೈಬೇಡಿ ಅತ್ತೆ. ಯಂತ್ರದ ಡ್ರಾಯರಿನಲ್ಲಿ ಒಂದು ಬಚ್ಚಿಟ್ಟಿದ್ದೆ. ಇವತ್ತು ಸಿಕ್ತು, ಬಾಯಿಗೆ ಹಾಕ್ಕೊಂಡೆ. ಥೂ, ಕೆಸರು ಕೆಸರು! ಇದನ್ನ ನಾನು ಹ್ಯಾಗೆ ತಿಂತಿದ್ದೆ?”

“ಯಾರು ಮಾಡಿದ್ದು?”

“ನೀವೇ.”

ದಾರ್ಸಿ ಸೊಸೆಯ ಮುಖವನ್ನೇ ನೋಡಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಕೆಂಪಗಿತ್ತು. ತಕ್ಷಣ ಅವಳನ್ನು ನೆರೆಯವರ ಗಾಡಿಯಲ್ಲಿ ಕೂರಿಸಿಕೊಂಡು ನರ್ಸಮ್ಮನಲ್ಲಿಗೆ ಕರೆದೊಯ್ದಳು.

ಹಾರ್ಯಾತಿ ಬೆರಳು ಚುಚ್ಚಿದಳು, ಯಂತ್ರ ನೋಡಿದಳು. ಈ ಸಲ ಅಲ್ಲಾಡಿಸಲಿಲ್ಲ. “ಹನ್ನೊಂದು ದಾಟಿದೆ! ದಾರ್ಸಕ್ಕ, ಇನ್ನು ಹೆರಿಗೆ ಇಲ್ಲೇ ಮಾಡಿಸ್ತೀನಿ, ನೀವು ಹೆದರಬೇಡಿ.”

ದಾರ್ಸಿ ಬೆಂಚಿನ ಮೇಲೆ ಕೂತು ಒಂದೇ ಸಮ ಅಳತೊಡಗಿದಳು. ಹೊರಗೆ ಸರದಿಯಲ್ಲಿದ್ದವರು ಯಾರೋ ಸತ್ತರೆಂದು ಎದ್ದು ನಿಂತರು.

“ಯಾಕೆ ದಾರ್ಸಕ್ಕ? ಒಳ್ಳೇ ಸುದ್ದಿ ಕಣ್ರೀ ಇದು!”

“ಇಷ್ಟು ವರ್ಷದಲ್ಲಿ ನನ್ನ ಅಂಪೊ ಒಬ್ಬರೂ ಉಗುಳಿರಲಿಲ್ಲ ನರ್ಸಮ್ಮ,” ಎಂದಳು ದಾರ್ಸಿ ಮೂಗೊರೆಸಿಕೊಳ್ಳುತ್ತ. “ಇವಳು ಉಗುಳಿದ್ಳು. ನನ್ನ ಮಗಳು ಉಗುಳಿದ್ಳು.”

ನರ್ಸಮ್ಮನಿಗೆ ತಲೆಬುಡ ತಿಳಿಯಲಿಲ್ಲ. ವಾರ್ತಿನಿ ಮಾತ್ರ ಹತ್ತಿರ ಸರಿದು ಕೂತು, ಹೊಗೆ ವಾಸನೆಯ ಆ ಹೆಗಲಿಗೆ ತಲೆಯಿಟ್ಟಳು.