ಟಿಕೆಟ್ಟಿಲ್ಲದ ಇಬ್ಬರು

"ನನ್ನ ಕಣ್ಣು ತಪ್ಪಿಸಿ ಒಂದು ಸೊಳ್ಳೆಯೂ ಟಿಕೆಟ್ಟಿಲ್ಲದೆ ಬಸ್ಸಿನಲ್ಲಿ ಕೂತಿದ್ದಿಲ್ಲ" ಎಂಬುದು ಚೆಕಿಂಗ್‌ನವರ ಜೀವಮಾನದ ಘೋಷಣೆ. ನಡುದಾರಿಯಲ್ಲಿ ಬಸ್ಸು ಹತ್ತಿ ಟಿಕೆಟ್ ತಪಾಸಿಸುವ ಕೆಲಸದಿಂದ ನಿವೃತ್ತರಾದರೂ ಅವರಿಗೆ ಹೆಸರು ಅದೇ ಉಳಿದಿತ್ತು, ನಡಿಗೆಯೂ ಅದೇ. ಮನೆಯ ಹಜಾರದಲ್ಲಿ ಸಹ, ಓಡುವ ಬಸ್ಸಿನೊಳಗಿದ್ದವರಂತೆ ಭುಜ ಅಡ್ಡ ಮಾಡಿಕೊಂಡು, ಕುರ್ಚಿಯ ಬೆನ್ನು, ಬಾಗಿಲ ಚೌಕಟ್ಟು ಹಿಡಿಹಿಡಿದು ಸಾಗುತ್ತಿದ್ದರು. ಮೊಣಕೈ ಸವೆದ ಖಾಕಿ ಕೋಟನ್ನು ಬೇಸಿಗೆಯಲ್ಲೂ ಬಿಚ್ಚಿದವರಲ್ಲ. ಯಾರು ಏನು ಹೇಳಿದರೂ "ಹೌದಾ?" ಎನ್ನುವರು, ಆ ಒಂದು ಪದದ ಎದುರು ಪರಮಸತ್ಯವಂತರೂ ತೊದಲುತ್ತಿದ್ದರು. ಉದಯಿಸಿದ ಸೂರ್ಯನನ್ನು ಕೈಗಡಿಯಾರದೊಂದಿಗೆ ತಾಳೆ ನೋಡಿದ ಮೇಲೆಯೇ ಬೆಳಗಾಯಿತೆಂದು ಒಪ್ಪುವ ಆಸಾಮಿ. ಒಮ್ಮೆ ಕನ್ನಡಿಯಲ್ಲಿ ತಮ್ಮನ್ನೇ ಕಂಡು "ಎಲ್ಲಿ ಹತ್ತಿದ್ದು?" ಎಂದು ಗದರಿದರೆಂದು ಹೆಂಡತಿ ಆಣೆಯಿಟ್ಟು ಹೇಳುತ್ತಾರೆ.

ಇಂಥವರ ಲಿವರಿನೊಳಗೆ ಹೆಪಟೈಟಿಸ್ ಬಿ ಮತ್ತು ಸಿ ಎಂಬ ಎರಡು ವೈರಸ್‌ಗಳು ವರ್ಷಗಟ್ಟಲೆ ಹಾಯಾಗಿ ಪ್ರಯಾಣ ಮಾಡುತ್ತಿದ್ದವೆಂದು ರಕ್ತಪರೀಕ್ಷೆ ಹೇಳಿತು.

"ಸಿಯದ್ದು ಜೋರು. ಅದರ ಅಬ್ಬರಕ್ಕೆ ಬಿ ಸುಮ್ಮನೆ ಮಲಗಿದೆ," ಎಂದರು ಡಾಕ್ಟರಮ್ಮ. "ಸಿಯನ್ನ ಓಡಿಸಿದ್ರೆ ಬಿ ಎದ್ದು ಕೂರಬಹುದು. ಅದಕ್ಕೇ ಎರಡಕ್ಕೂ ಮಾತ್ರೆ ಕೊಡ್ತಿದೀನಿ."

"ಹೌದಾ? ಮಲಗಿರೋದಕ್ಕೂ ಮಾತ್ರೇನಾ?"

ಮೆಡಿಕಲ್ ಶಾಪಿನವನಿಗೂ ಡಾಕ್ಟರಮ್ಮನಿಗೂ ಏನೋ ಒಳಒಪ್ಪಂದವಿದೆಯೆಂದು ಅವರು ಅಲ್ಲಿಯೇ ತೀರ್ಮಾನಿಸಿದರು. ಸಿಯ ಮಾತ್ರೆಯನ್ನು ತಪ್ಪದೆ ನುಂಗಿದರು. ಬಿಯದ್ದನ್ನು ಮಾತ್ರ ನಾಲಗೆಯಡಿ ಅಡಗಿಸಿ, ಹೆಂಡತಿ ಅತ್ತ ತಿರುಗಿದೊಡನೆ ಕಿಟಕಿಯ ಹೂಕುಂಡಕ್ಕೆ ಉಗಿದರು. ಆ ಗಿಡಕ್ಕೆ ಇನ್ನು ಏಳು ಜನ್ಮದಲ್ಲೂ ಕಾಮಾಲೆ ಬಾರದು.

ಬಂದದ್ದು ಇವರಿಗೆ. ಊಟ ಸೇರದಾಯಿತು, ಕಣ್ಣು ಅರಿಶಿನವಾಯಿತು. "ಬಲ್ಬಿನ ಬೆಳಕು ಕಣೇ, ಹಾಗೆ ಕಾಣುತ್ತೆ" ಎಂದು ಬಲ್ಬಿನ ಮೇಲೆ ಅನುಮಾನಪಟ್ಟರು. ಹೆಂಡತಿ ಕೋಟು ಹಿಡಿದು ಬಿಸಿಲಿಗೆ ಎಳೆದು ನಿಲ್ಲಿಸಿದರು, ಬಿಸಿಲಿನಲ್ಲೂ ಹಳದಿಯೇ. ಅಲ್ಲಿಂದ ನೇರವಾಗಿ ಆಸ್ಪತ್ರೆ. ರಕ್ತದಲ್ಲಿ ಸಿಯ ಸುಳಿವಿಲ್ಲ, ಬಿ ಮಾತ್ರ ಉಕ್ಕಿ ಹರಿಯುತ್ತಿತ್ತು.

"ಬಿ ಮಾತ್ರೆ ತಗೊಂಡ್ರಾ?"

ಚೆಕಿಂಗ್‌ನವರು ಸೂರು ನೋಡಿದರು.

"ಗಿಡ ತಗೊಂಡಿದೆ ಡಾಕ್ಟ್ರೇ," ಎಂದರು ಹೆಂಡತಿ. "ಬಟ್ಟೆ ತರೋಕೆ ಮನೆಗೆ ಹೋದಾಗ ಕುಂಡ ಕೆದಕಿ ನೋಡ್ದೆ, ಮಾತ್ರೆಗಳೆಲ್ಲ ಅಲ್ಲೇ ಇವೆ. ರೀ, ಬಸ್ಸಲ್ಲಿ ನಿದ್ದೆ ಹೊಡೆಯೋರನ್ನೇ ಮೊದಲು ಎಬ್ಬಿಸಿ ಕೇಳ್ತಿದ್ರಲ್ಲ, ಇದೊಂದನ್ನ ಹೇಗೆ ಮಲಗೋಕೆ ಬಿಟ್ರಿ?"

"ಇನ್ನು ಸ್ವಲ್ಪ ತಡವಾಗಿದ್ರೆ ಲಿವರು ಕೈಕೊಡ್ತಿತ್ತು," ಎಂದು ಡಾಕ್ಟರಮ್ಮ ದನಿ ತಗ್ಗಿಸಿದರು. ಹೆಂಡತಿ ಬಿಯ ಮಾತ್ರೆಯೊಂದನ್ನು ಅಂಗೈಯಲ್ಲಿಟ್ಟು ಗಂಡನ ಮುಖದೆದುರು ಹಿಡಿದರು. ಅದನ್ನು ಕಂಡ ಚೆಕಿಂಗ್‌ನವರು ಏನನ್ನೂ ಕೇಳದೆ ಬಾಯಿ ತೆರೆದರು. ವಾರ್ಡಿನಲ್ಲಿ ಮಲಗಿದಷ್ಟು ದಿನವೂ ಮಾತ್ರೆ ನುಂಗಿ, ನಾಲಗೆ ಎತ್ತಿ ತೋರಿಸುತ್ತಿದ್ದರು. ಹಳದಿ ನಿಧಾನವಾಗಿ ಇಳಿಯಿತು.

ಅನುಮಾನಿಗಳ ಕುಲವೇ ಹಾಗೆ. ಜಗತ್ತಿನ ಜೇಬನ್ನೆಲ್ಲ ಜಾಲಾಡಿ, ತಮ್ಮ ತೀರ್ಮಾನವೊಂದನ್ನೇ ತಪಾಸಣೆಯಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತಾರೆ. ಅನುಮಾನದಲ್ಲಿ ಅವರು ಅರ್ಧ ದಾರಿಗೇ ಇಳಿದುಬಿಡುವವರು.

ಮನೆಗೆ ಹೊರಟಾಗ ಹೆಂಡತಿ ಕೇಳಿದರು: "ಇನ್ನಾದರೂ ಡಾಕ್ಟರಮ್ಮನ್ನ ನಂಬ್ತೀರಾ?"

"ನಂಬ್ದೆ ಇರ್ತೀನಾ? ಕಾಮಾಲೆ ವಾಸಿಯಾಯ್ತು ಅಂತ ಅವರೇ ಹೇಳಿ, ಮುಂದಿನ ತಿಂಗಳು ಮತ್ತೆ ರಕ್ತ ಕೊಡಿ ಅಂದಿದಾರೆ. ತಮ್ಮ ಮಾತನ್ನೇ ನಂಬದೋರು ಕಣೇ ಅವರು. ನಂಬಿದ್ರೆ ಅಂಥೋರನ್ನ ನಂಬಬೇಕು!"