ತುಪ್ಪದ ಮಂಡಿಯ ಮೂಗು

ಮಧುಗಿರಿಯ ಶಂಕರಲಿಂಗಪ್ಪನವರ ತುಪ್ಪದ ಮಂಡಿಯಲ್ಲಿ ಬೈರಪ್ಪ ಮೂಸಿ ಹೇಳಿದ್ದೇ ಬೆಲೆ. ಸಂತೆಯ ದಿನ ತೋವಿನಕೆರೆ ಕಡೆಯಿಂದ, ಪಾವಗಡದ ಗಡಿಯಿಂದ ಹೆಂಗಸರು ಗಡಿಗೆ ಹೊತ್ತು ತರುವರು. ಬೈರಪ್ಪ ಒಂದು ಹನಿಯನ್ನು ಕೈಗೆ ಉಜ್ಜಿ ಮೂಗಿಗೆ ಹಿಡಿಯುವನು. ಹಸುವಿನದೋ ಎಮ್ಮೆಯದೋ, ಕಮಟು ಹಿಡಿದದ್ದೋ, ಕಡಲೇಕಾಯಿ ಎಣ್ಣೆ ಬೆರೆಸಿದ್ದೋ ಅಲ್ಲೇ ಹೇಳಿಬಿಡುವನು. ಎದುರು ಮಾತಾಡಿದವರಿಗೆ ಗಡಿಗೆ ಎತ್ತಿಕೊಂಡು ನಡೆಯಿರಿ ಎನ್ನುವನು. ಅವನ ಬಾಯಿ ಕೆಟ್ಟದ್ದು. ಆದರೂ ಮೂಗು ಒಳ್ಳೆಯದಿತ್ತು, ಎಲ್ಲರೂ ಸಹಿಸಿಕೊಂಡಿದ್ದರು.

ಈಗ ಆ ಮೂಗೇ ಕೆಟ್ಟಿತ್ತು. ಹಿಡಿದ ನೆಗಡಿ ವರ್ಷ ಕಳೆದರೂ ಬಿಟ್ಟಿರಲಿಲ್ಲ. ಬಗ್ಗಿದರೆ ಹುಬ್ಬಿನ ಮೇಲೆ ಗುಂಡುಕಲ್ಲು ಹೇರಿದ ಹಾಗಾಗುತ್ತಿತ್ತು. ಬೆಳಗ್ಗೆ ಎದ್ದರೆ ಗಂಟಲ ತುಂಬ ಕೀವು. ಯುಗಾದಿ ಕಳೆದ ಮೇಲಂತೂ ವಾಸನೆ ಎನ್ನುವುದೇ ಹೊರಟುಹೋಯಿತು. ಇದನ್ನು ಅವನು ಹೆಂಡತಿ ಕದರಮ್ಮನಿಗೂ ಹೇಳಿರಲಿಲ್ಲ. ತುಪ್ಪ ಮರಳು ಮರಳಾಗಿದೆಯೇ ನೋಡಿ, ನಾಲಗೆಗೆ ತಾಗಿಸಿ, ಮಾರುವವಳ ಕಣ್ಣು ಅತ್ತಿತ್ತ ಹೋಗುತ್ತದೆಯೇ ಗಮನಿಸಿ, ಅಂದಾಜಿನ ಮೇಲೆ ಬೆಲೆ ಕೂಗುತ್ತಿದ್ದ. ಮೂಸುವ ಶಾಸ್ತ್ರವನ್ನು ಮಾತ್ರ ಬಿಟ್ಟಿರಲಿಲ್ಲ.

ಒಂದು ದಿನ ಸೀನಿದಾಗ ಟವಲಿಗೆ ರಕ್ತ ಬಂತು. ಅದನ್ನು ಸಾಹುಕಾರ ಶಂಕರಲಿಂಗಪ್ಪನವರ ಭಾವಮೈದುನ ರುದ್ರಯ್ಯ ನೋಡಿದ. ಮಾರನೆಯ ದಿನ ಬೈರಪ್ಪನ ನೀರಿನ ಚೊಂಬು ಬೇರೆಯಾಯಿತು. ಹಮಾಲಿಗಳು ಅವನ ಪಕ್ಕ ಕೂರುವುದನ್ನು ಬಿಟ್ಟರು. ಊರವರು ಹೆಸರೆತ್ತಲು ಅಂಜಿ ದೊಡ್ಡರೋಗ ಎನ್ನುತ್ತಿದ್ದ ಕುಷ್ಠ ಅವನಿಗೆ ತಗುಲಿದೆ ಎಂದು ಪಿಸುಮಾತು ಹಬ್ಬಿತ್ತು. ಇದು ರುದ್ರಯ್ಯನ ಕೆಲಸವೇ ಎಂದು ಬೈರಪ್ಪ ತೀರ್ಮಾನಿಸಿದ. ಗಡಿಗೆಗಳ ಮುಂದೆ ಬೈರಪ್ಪ ಕೂರುತ್ತಿದ್ದ ಮಣೆಯ ಮೇಲೆ ರುದ್ರಯ್ಯನಿಗೆ ಬಹಳ ದಿನದಿಂದ ಕಣ್ಣಿತ್ತು.

ಸಾಹುಕಾರರು ಅವನನ್ನು ಒಳಗೆ ಕರೆದರು. "ಬೈರಪ್ಪ, ನಂಗೇನೂ ಅನುಮಾನ ಇಲ್ಲ ಕಣಯ್ಯ. ಆದ್ರೆ ತಿನ್ನೋ ಪದಾರ್ಥ, ಜನದ ಬಾಯಿ ಮುಚ್ಚಿಸ್ಬೇಕು. ಸರ್ಕಾರಿ ಆಸ್ಪತ್ರೆಯಿಂದ ಒಂದು ಚೀಟಿ ತಂದುಬುಡು. ಅಲ್ಲೀಗಂಟ ಮಂಡಿಗೆ ಬರ್ಬೇಡ."

ಅನುಮಾನ ಇಲ್ಲದವನು ಚೀಟಿ ಯಾಕೆ ಕೇಳುತ್ತಾನೆ? ಬೈರಪ್ಪ ಹಲ್ಲು ಕಡಿದುಕೊಂಡು ಆಸ್ಪತ್ರೆಗೆ ಹೋದ.

ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. ಮೈಮೇಲೆಲ್ಲ ಸೂಜಿಮೊನೆ ತಾಗಿಸಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಿದರು. ಆಮೇಲೆ, ಇದು ಪೀನಸ, ಹಣೆ ಮತ್ತು ಕೆನ್ನೆಯ ಮೂಳೆಯೊಳಗಿನ ಪೊಟರೆಗಳು ಊದಿ ಕೀವು ಕಟ್ಟಿವೆ, ಹಳೆಯದಾಗಿದೆ, ಯಾರಿಗೂ ಅಂಟುವುದಿಲ್ಲ ಎಂದರು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಗೀಚಿ ಪಕ್ಕದಲ್ಲಿ ಒಂದು ನಂಬರು ಹಾಕಿದರು. ಡಬ್ಬಿಗಳ ಮೇಲೆ ಬರೆದೂ ಬರೆದೂ ಬೈರಪ್ಪನಿಗೆ ಇಂಗ್ಲಿಷ್ ಅಂಕಿ ಬರುತ್ತಿತ್ತು. ನಲವತ್ತೇಳು.

ಔಷಧಿ ಕೊಡುವ ಕಿಟಕಿಯ ಹತ್ತಿರ ಅವನ ಮುಂದೆ ಬೊಮ್ಮಕ್ಕ ನಿಂತಿದ್ದಳು. ಮೂಗು ಕುಸಿದ ಆ ಹೆಂಗಸಿಗೆ ದೊಡ್ಡರೋಗವೆಂದು ಊರಿಗೆಲ್ಲ ಗೊತ್ತು. ಕೆರೆ ಏರಿಯ ಕೆಳಗೆ ಒಬ್ಬಳೇ ಇದ್ದಳು. ಅವಳು ಕಿಟಕಿಯ ಕಟ್ಟೆಯ ಮೇಲೆ ಚೀಟಿ ಇಟ್ಟು ದೂರ ಸರಿದಳು. ಬೈರಪ್ಪ ಕತ್ತು ಚಾಚಿ ನೋಡಿದ. ನಲವತ್ತೇಳು.

ಅವನಿಗೆ ಸಿಟ್ಟು ನೆತ್ತಿಗೇರಿತು. ಬಾಯಲ್ಲಿ ಪೀನಸ ಎಂದು ಹೇಳಿ ಕಾಗದದಲ್ಲಿ ದೊಡ್ಡರೋಗ ಬರೆದಿದ್ದಾರೆ, ಸಾಹುಕಾರ ಮೊದಲೇ ಇಲ್ಲಿಗೆ ಲಂಚಕ್ಕೆ ತುಪ್ಪ ಕಳಿಸಿದ್ದಾನೆ ಎಂದುಕೊಂಡ. ಡಾಕ್ಟರ ಕೋಣೆಗೆ ನುಗ್ಗಿ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದ.

"ನಂಗೂ ಆ ಬೊಮ್ಮಕ್ಕಂಗೂ ಒಂದೇ ನಂಬರು ಹೆಂಗೆ ಬಂತು ಸ್ವಾಮಿ? ಯಾರು ಏಳ್ಕೊಟ್ರು ನಿಮಗೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. ವರ್ಷಕ್ಕೊಮ್ಮೆ ಸರ್ಕಾರಕ್ಕೆ ಲೆಕ್ಕ ಕಳಿಸಬೇಕು, ಅದರಲ್ಲಿ ಮೂಗಿನ ಕಾಯಿಲೆಗಳಿಗೆಲ್ಲ ಸೇರಿ ಒಂದೇ ನಂಬರು ಎಂದು ಬಿಡಿಸಿ ಹೇಳಿದರು. ಮೂಗಿನಲ್ಲಿ ಹುಣ್ಣಾದರೂ ಅದೇ, ಮಾಂಸ ಬೆಳೆದರೂ ಅದೇ, ಪೀನಸವಾದರೂ ಅದೇ. ಬೊಮ್ಮಕ್ಕ ಇವತ್ತು ಬಂದದ್ದು ಮೂಗಿನ ಹುಣ್ಣು ತೊಳೆಸಿಕೊಳ್ಳಲು. ಅವಳ ದೊಡ್ಡ ಕಾಯಿಲೆಯ ನಂಬರೇ ಬೇರೆ.

ಬೈರಪ್ಪ ನಂಬಲಿಲ್ಲ. ಆ ಲೆಕ್ಕ ಮಂಡಿಯವರಿಗೆ ಯಾರು ಹೇಳುತ್ತಾರೆ? "ನಂಬರು ಬ್ಯಾಡ. ಕನ್ನಡದಾಗೆ ಬರೀರಿ. ನನ್ನ ಮೂಗ್ನಾಗೆ ಏನೇನೈತೋ ಎಲ್ಲಾ ಬರೀರಿ. ಒಂದು ಅಕ್ಸರ ಬಿಟ್ರೂ ನಾನು ಇಲ್ಲಿಂದ ಏಳಾಕಿಲ್ಲ."

"ಎಲ್ಲಾ ಬರೀಬೇಕಾ?" ಡಾಕ್ಟರಿಗೂ ರೇಗಿತ್ತು. ಅವನ ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಒಂದು ಸೀಸೆ ಹಿಡಿದು ಏನೆಂದು ಕೇಳಿದರು. ಬೈರಪ್ಪ ಜೋರಾಗಿ ಎಳೆದುಕೊಂಡ. ನೀರು ಎಂದ. ಕಣ್ಣು ತೆರೆದರೆ ನೀಲಗಿರಿ ಎಣ್ಣೆ.

ಅವರು ದುಂಡಗೆ ಕನ್ನಡದಲ್ಲಿ ಬರೆದು ಮೊಹರು ಒತ್ತಿ ಕೊಟ್ಟರು. ಬೈರಪ್ಪ ಬೇವಿನ ಮರದ ಕೆಳಗೆ ನಿಂತು ಅಕ್ಷರ ಕೂಡಿಸಿ ಓದಿದ. ಹಳೆಯ ಪೀನಸ. ಕುಷ್ಠವಲ್ಲ. ಅಂಟುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಈತನಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ.

ತಾನೇ ಗುದ್ದಾಡಿ ಬರೆಸಿಕೊಂಡ ಸಾಲು. ಅದನ್ನು ಹರಿದುಬಿಡಲೇ ಎಂದು ಬೆರಳು ಮಡಿಚಿದ. ಹರಿದ ಚೀಟಿ ಕಂಡರೆ ರುದ್ರಯ್ಯ ಬಿಟ್ಟಾನೆಯೇ? ಅಲ್ಲಿ ದೊಡ್ಡರೋಗವೇ ಇತ್ತು ಎಂದು ಸಂತೆಗೆಲ್ಲ ಸಾರುತ್ತಾನೆ. ಚೀಟಿ ಕೊಡದಿದ್ದರೆ ಕದರಮ್ಮನಿಗೂ ಊರ ಬಾವಿ ತಪ್ಪುತ್ತದೆ. ಬೈರಪ್ಪ ಚೀಟಿಯನ್ನು ಜೇಬಿಗಿಟ್ಟುಕೊಂಡು ಮಂಡಿಯ ಕಡೆ ನಡೆದ.

ಸಾಹುಕಾರರು ಹಮಾಲಿಗಳಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು. ಕುಷ್ಠವಲ್ಲ ಎಂದಾಗ ಒಬ್ಬಿಬ್ಬರು ನಕ್ಕರು. ಕೊನೆಯ ಸಾಲಿಗೆ ಬಂದಾಗ ಅವರ ದನಿ ಇಳಿಯಿತು.

"ಯಾವಾಗ್ಲಿಂದ ಇದು?"

"ಯುಗಾದಿಯಿಂದ."

ಸಾಹುಕಾರರು ಒಳಕೋಣೆಯತ್ತ ತಿರುಗಿ ನೋಡಿದರು. ಬೆಂಗಳೂರಿನ ಮೋಟಾರಿಗೆ ಹಾಕಬೇಕಾದ ಡಬ್ಬಿಗಳು ಅಲ್ಲಿ ಸಾಲಾಗಿದ್ದವು. ಎಲ್ಲವನ್ನೂ ತೆಗೆಸಿದರು. ರುದ್ರಯ್ಯ ಒಂದೊಂದಕ್ಕೂ ಬಗ್ಗಿ ಮೂಸಿದ. ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತ ಬಂದವನು ಗೋಡೆ ಪಕ್ಕದ ಡಬ್ಬಿಗೆ ಬಂದಾಗ ಮುಖ ಹಿಂಡಿದ.

"ಕಮಟು ಭಾವ. ಎಣ್ಣೇನೂ ಬೆರೆಸವ್ರೆ. ಇದನ್ನ ಕಳ್ಸಿದ್ರೆ ಮಂಡಿ ಹೆಸ್ರು ಮಣ್ಣುಪಾಲು."

ಬೈರಪ್ಪ ಆ ಡಬ್ಬಿಯ ಹತ್ತಿರ ಕೂತು ಮೂಗನ್ನು ತುಪ್ಪಕ್ಕೆ ತಾಗುವಷ್ಟು ಬಗ್ಗಿಸಿದ. ಹಣೆ ಸಿಡಿಯಿತು, ಅಷ್ಟೆ. ತಲೆ ಎತ್ತಿದಾಗ ರುದ್ರಯ್ಯ ಅವನನ್ನೇ ನೋಡುತ್ತಿದ್ದ.

"ಬೀದಿಲಿ ಓಗೋರು ಯಾರ್ನಾದ್ರೂ ಒಬ್ರುನ್ನ ಕರೀರಿ ಸಾವ್ಕಾರ್ರೇ. ಅವ್ರು ಮೂಸಿ ಏಳ್ಲಿ. ಕೆಟ್ಟಿದ್ರೆ ನಾನೇ ಎದ್ದೋಯ್ತೀನಿ" ಎಂದ ಬೈರಪ್ಪ.

"ನನ್ನ ಮಂಡಿ ತುಪ್ಪ ನಾರ್ತೈತೋ ಇಲ್ವೋ ಅಂತ ಬೀದಿಯವ್ರುನ್ನ ಕೇಳ್ಲಾ?" ಎಂದರು ಸಾಹುಕಾರರು. ಅವರು ತಾವೂ ಬಗ್ಗಿ ಮೂಸಲಿಲ್ಲ. "ನಾಳೆಯಿಂದ ಮಣೆ ಮೇಲೆ ರುದ್ರಯ್ಯ ಕೂತ್ಕೊಳ್ಳಿ. ನೀನು ಡಬ್ಬಿ ಎತ್ತಿಸೋ ಕೆಲ್ಸ ನೋಡ್ಕೊ."

ರುದ್ರಯ್ಯ ಬೇರೆ ಯಾರೂ ಮೂಸುವ ಮೊದಲೇ ಮುಚ್ಚಳ ಒತ್ತಿ, ಆ ಡಬ್ಬಿಯನ್ನು ತಾನೇ ಎತ್ತಿಕೊಂಡು ಒಳಗೆ ಹೊರಟಿದ್ದ.