ರಮ್ಯಾಳ ಕೈಗುಣ

ಕೈಗುಣ ಓದಿನಿಂದ ಬರುವುದಲ್ಲ ಎನ್ನುತ್ತಾರೆ ನಮ್ಮ ಜನ. ರಮ್ಯಾಳಿಗೆ ಓದೂ ಇತ್ತು, ಕೈಗುಣವೂ ಇತ್ತು. ಫಿಸಿಯೊಥೆರಪಿ ಮುಗಿಸಿ ದುರ್ಗದ ಒಂದು ಓಟದ ತರಬೇತಿ ಕೇಂದ್ರದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದಳು. ದಿನಾ ಹಿರಿಯೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಟೇಪು ಸುತ್ತುವುದು, ಐಸ್ ಇಡುವುದು, ಪೆಟ್ಟಾದವರನ್ನು ಮತ್ತೆ ಟ್ರ್ಯಾಕಿಗೆ ಇಳಿಸುವುದು ಅವಳ ಕೆಲಸ. ಅವಳು ಉಜ್ಜಿದ ಕಡೆ ನೋವು ಉಳಿಯುತ್ತಿರಲಿಲ್ಲ. ಕುಂಟುತ್ತಾ ಬಂದ ಹುಡುಗಿಯರು ಕುಣಿಯುತ್ತಾ ಹೋಗುತ್ತಿದ್ದರು. ಬೆಂಗಳೂರಿನ ಒಂದು ಕಬಡ್ಡಿ ತಂಡದವರು ಅವಳ ಹೆಸರು ಕೇಳಿ ಫೋನ್ ಮಾಡಿದಾಗ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಒಂದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಯಾರದಾದರೂ ಹೆಗಲು ಉಜ್ಜಿದರೆ ಸಂಜೆಗೆ ಅವಳ ಹೆಗಲು ಹಿಡಿಯುತ್ತಿತ್ತು. ಮಂಡಿ ಉಜ್ಜಿದರೆ ಮಂಡಿ. ದಣಿವು ಎಂದುಕೊಂಡು ಸುಮ್ಮನಾಗುತ್ತಿದ್ದಳು. ನಾಲ್ಕು ಜನ ಹೊಗಳುತ್ತಿರುವಾಗ ಯಾರು ತಾನೇ ತಮ್ಮನ್ನು ತಾವು ಕೆದಕಿಕೊಳ್ಳುತ್ತಾರೆ?

ಭೀಮಸಮುದ್ರದ ತೇಜಸ್ವಿನಿ ಎರಡು ಸುತ್ತಿನ ಓಟದ ಹುಡುಗಿ. ಜೋಗಿಮಟ್ಟಿ ಬೆಟ್ಟದ ಏರು ಹತ್ತಿ ಹತ್ತಿ ಎಡಗಾಲಿನಲ್ಲಿ ಮಂಡಿಯ ಕೆಳಗಿನ ಮೂಳೆ ನೋಯುತ್ತದೆ ಎಂದು ಬಂದಿದ್ದಳು. ರಮ್ಯಾ ಉಜ್ಜಿದಳು, ನೋವು ಹೋಯಿತು. ಆದರೆ ಅಂದಿನಿಂದ ರಮ್ಯಾಳಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ವಾರ ಕಳೆದರೂ ಕಾಲಿನ ನೋವು ಇಳಿಯಲಿಲ್ಲ.

ಕ್ರೀಡಾ ಹಾಸ್ಟೆಲಿನ ಆಯ್ಕೆ ಓಟದ ಬೆಳಿಗ್ಗೆ ಅವಳಿಗೆ ಯಾಕೋ ಅನುಮಾನ ಬಂತು. ತೇಜಸ್ವಿನಿಯನ್ನು ಬೆಂಚಿನ ಮೇಲೆ ಕೂರಿಸಿ, ಟ್ಯೂನಿಂಗ್ ಫೋರ್ಕ್ ಎಂಬ ಉಕ್ಕಿನ ಕವಲುಕಡ್ಡಿಯನ್ನು ತಟ್ಟಿ ಅವಳ ಆ ಮೂಳೆಗೆ ಇಟ್ಟಳು. ಮೂಳೆ ಬಿರುಕು ಬಿಟ್ಟಿದ್ದರೆ ಆ ಕಂಪನಕ್ಕೆ ಎಂಥ ಗಟ್ಟಿಗಿತ್ತಿಯಾದರೂ ಕಾಲು ಎಳೆದುಕೊಳ್ಳಬೇಕು.

"ನೋವಾಗ್ತೈತಾ?"

"ಇಲ್ಲಕ್ಕ, ಕಚಗುಳಿ ಇಟ್ಟಂಗಾಗ್ತೈತೆ."

ಚೀರಿದವಳು ರಮ್ಯಾ. ಯಾರೋ ತನ್ನ ಮೂಳೆಯನ್ನು ಕುಡುಗೋಲಿನಿಂದ ಸೀಳಿದ ಹಾಗಾಯಿತು. ಫೋರ್ಕನ್ನು ತನ್ನ ಕಾಲಿಗೇ ಇಟ್ಟುಕೊಂಡಳು. ಏನೂ ಆಗಲಿಲ್ಲ, ಬರೀ ತಣ್ಣಗಿನ ಗುಂಯ್. ಮತ್ತೆ ಹುಡುಗಿಯ ಕಾಲಿಗೆ ಇಟ್ಟಳು. ಮತ್ತೆ ಅದೇ ಸೀಳು.

ಆಗ ಅವಳಿಗೆ ಅರ್ಥವಾಯಿತು. ಇಷ್ಟು ದಿನ ಅವಳು ಯಾರನ್ನೂ ವಾಸಿ ಮಾಡಿರಲಿಲ್ಲ. ಪೆಟ್ಟು ಅವರಲ್ಲೇ ಇತ್ತು, ನೋವನ್ನು ಮಾತ್ರ ಅವಳು ತೆಗೆದುಕೊಂಡಿದ್ದಳು.

ತೇಜಸ್ವಿನಿಯನ್ನು ಕರೆದುಕೊಂಡು ಕುಂಟುತ್ತಲೇ ಕೋಚ್ ರಾಜಶೇಖರ್ ಬಳಿ ಹೋದಳು. "ಸರ್, ಇವಳನ್ನ ಓಡಿಸಬ್ಯಾಡ್ರಿ. ಮೂಳೆ ಬಿರುಕು ಬಿಟ್ಟೈತೆ."

ಸ್ಟಾಪ್‌ವಾಚ್ ಬಿಟ್ಟು ಬೇರೇನೂ ಕಾಣದ ಮನುಷ್ಯ ಆತ. ತೇಜಸ್ವಿನಿಯನ್ನು ಎಡಗಾಲಿನ ಮೇಲೆ ಕುಪ್ಪಳಿಸಲು ಹೇಳಿದ. ಅವಳು ನಗುತ್ತಾ ಕುಪ್ಪಳಿಸಿದಳು.

"ಹುಡುಗಿ ಚೆನ್ನಾಗೇ ಅದಾಳೆ. ಕುಂಟ್ತಿರೋರು ನೀವು ಮೇಡಂ. ಮೊದ್ಲು ನಿಮ್ಮ ಕಾಲು ತೋರಿಸ್ಕಳ್ರಿ."

"ನೀವೇ ವಾಸಿ ಮಾಡಿ ನೀವೇ ಬ್ಯಾಡ ಅಂದ್ರೆ ಹೆಂಗಕ್ಕ?" ಎಂದಳು ತೇಜಸ್ವಿನಿ. "ಇವತ್ತು ತಪ್ಪಿದ್ರೆ ಅವ್ವ ಓಟನೇ ಬಿಡಿಸ್ತಾಳೆ."

ರಮ್ಯಾ ಮಣ್ಣಿನಲ್ಲಿ ಕುಸಿದು ಕೂತು ಹುಡುಗಿಯ ಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ತಗೋ, ನಿನ್ನದನ್ನು ನೀನು ತಗೋ ಎಂದು ಒಳಗೊಳಗೇ ಬೇಡಿಕೊಂಡಳು. ಏನೂ ಹೋಗಲಿಲ್ಲ. ತೆಗೆದುಕೊಳ್ಳುವುದು ಗೊತ್ತಿತ್ತೇ ಹೊರತು ಕೊಡುವುದು ಅವಳಿಗೆ ಗೊತ್ತಿರಲಿಲ್ಲ. ತೇಜಸ್ವಿನಿ ಮೆಲ್ಲಗೆ ಕಾಲು ಬಿಡಿಸಿಕೊಂಡು ಗೆರೆಯ ಕಡೆ ಹೋದಳು.

ಸೀಟಿ ಕೇಳಿಸಿತು. ಅಲ್ಲಿ ತೇಜಸ್ವಿನಿ ಇಟ್ಟ ಒಂದೊಂದು ಹೆಜ್ಜೆಯೂ ಇಲ್ಲಿ ರಮ್ಯಾಳ ಕಾಲಿಗೆ ಬಡಿಯತೊಡಗಿತು. ಹಲ್ಲು ಕಚ್ಚಿ ಒಂದು ಸುತ್ತು ತಡೆದಳು. ಎರಡನೆಯ ಸುತ್ತಿನ ತಿರುವಿನಲ್ಲಿ ಲಟಕ್ ಎಂದಿತು. ಸದ್ದು ಬಂದದ್ದು ಟ್ರ್ಯಾಕಿನಿಂದಲ್ಲ, ರಮ್ಯಾಳ ಮೈಯೊಳಗಿನಿಂದ. ಅವಳು ಕೂಗಿಕೊಂಡು ಉರುಳಿದಳು.

ಎಲ್ಲರೂ ಓಡಿ ಬಂದರು. ರಾಜಶೇಖರ್ ಅವಳ ಪ್ಯಾಂಟಿನ ಕಾಲು ಮಡಚಿ ನೋಡಿದ. ಒಂದು ಗೀರೂ ಇರಲಿಲ್ಲ.

"ತೇಜಸ್ವಿನಿ ಓಟ ನಿಲ್ಲಿಸ್ರಿ," ಎಂದಳು ರಮ್ಯಾ.

"ಅಲ್ಲಾಡಬ್ಯಾಡ್ರಿ ಮೇಡಂ. ಲೇ, ನೀರು ತಗಂಬರ್ರಿ."

ಎಲ್ಲರ ಬೆನ್ನೂ ಟ್ರ್ಯಾಕಿನ ಕಡೆಗಿತ್ತು. ನಿಂತವರ ಕಾಲುಗಳ ಸಂದಿಯಿಂದ ರಮ್ಯಾಳೊಬ್ಬಳಿಗೇ ಕಾಣುತ್ತಿತ್ತು. ತೇಜಸ್ವಿನಿ ಎಲ್ಲರಿಗಿಂತ ಮುಂದಿದ್ದಳು. ಹೆಜ್ಜೆ ಇಟ್ಟಾಗಲೆಲ್ಲ ಎಡಗಾಲು ಮಂಡಿಯ ಕೆಳಗೆ, ಕೀಲೇ ಇಲ್ಲದ ಜಾಗದಲ್ಲಿ, ಹೊರಕ್ಕೆ ಮಡಚಿಕೊಳ್ಳುತ್ತಿತ್ತು. ಅವಳು ನಗುತ್ತಾ ಇನ್ನಷ್ಟು ಜೋರಾಗಿ ಓಡುತ್ತಿದ್ದಳು.